ಸಂಸ್ಕೃತಿಗಳಲ್ಲಿ ಮೇಲು ಕೀಳು ಉಂಟೇ?



ನಮ್ಮ ಸಂಸ್ಕೃತಿ ಶ್ರೇಷ್ಠವೋ, ನೆರೆಯವರದ್ದೋ ಎಂಬ ಚರ್ಚೆ ಈಗ ಮೊಬೈಲಿನಲ್ಲೂ ಮದುವೆ ಹಾಲ್‌ನಲ್ಲೂ ಕೇಳಿಬರುತ್ತಿದೆ. ಯುವಕರು ನಮ್ಮಲ್ಲಿ ಇದನ್ನು ಕೇಳುವುದುಂಟು. ಆದ್ದರಿಂದ ಈ ಬಾರಿಯ ಜುಮಾದಲ್ಲಿ ನಾವು ಅದನ್ನೇ ವಿವರಿಸಿದೆವು. ಅದರ ಸಾರಾಂಶ ಇಲ್ಲಿದೆ.

ಪುತ್ತೂರು, ಸುಳ್ಯ, ಕಡಬದ ಒಂದೇ ಬಸ್ಸಿನಲ್ಲಿ ತುಳು, ಕನ್ನಡ, ಅರೆಭಾಷೆ, ಬ್ಯಾರಿ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಮಾತಿನಲ್ಲೂ ನಾವು ಮೇಲು ಕೀಳು ಕಂಡವರೇ. ಸುಳ್ಯದ ಗೌಡರ ಮನೆಮಾತಿಗೆ 'ಅರೆ' ಎಂಬ ಹೆಸರೇ ಅಂಟಿಕೊಂಡಿದೆ. ಬ್ಯಾರಿ ಮಾತಿಗೆ ಸ್ವಂತ ಲಿಪಿ ಇಲ್ಲ, ಅದೊಂದು ಭಾಷೆಯೇ ಅಲ್ಲ ಎಂದವರೂ ಇದ್ದರು. ಸರಕಾರ 2007ರಲ್ಲಿ ಬ್ಯಾರಿ ಅಕಾಡೆಮಿಯನ್ನೂ 2011ರಲ್ಲಿ ಅರೆಭಾಷೆ ಅಕಾಡೆಮಿಯನ್ನೂ ಸ್ಥಾಪಿಸಿತು. ಆದರೂ ನಮ್ಮೊಳಗೇ ಮಲಯಾಳಂ ಮಾತಾಡುವವರು ಬ್ಯಾರಿಯನ್ನು ನೋಡಿ ನಗುತ್ತಾರೆ. ಗಲ್ಫ್‌ನ ಉಡುಪು ಮಾತ್ರ ದೀನಿನ ಉಡುಪು, ಊರಿನ ಲುಂಗಿಗೆ ಆ ಗೌರವವಿಲ್ಲ ಎಂದು ಭಾವಿಸುವವರೂ ಇದ್ದಾರೆ.

ಹೀಗೆ ತೂಗುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯಕ್ಕೆ ಯುರೋಪಿನ ಒಂದು ಕಪಾಟು ಪುಸ್ತಕ ಸಮ ಎಂದು ಮೆಕಾಲೆ 1835ರಲ್ಲಿ ಬರೆದ. ತನಗೆ ಸಂಸ್ಕೃತವಾಗಲಿ ಅರಬಿಯಾಗಲಿ ಗೊತ್ತಿಲ್ಲವೆಂದು ಅದೇ ಬರಹದಲ್ಲಿ ಒಪ್ಪಿಕೊಂಡಿದ್ದ. ಗೊತ್ತಿಲ್ಲದ್ದನ್ನು ಕೀಳೆನ್ನುವುದು ಎಷ್ಟು ಸುಲಭ ನೋಡಿ.

ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್ (49:13) ಹೇಳುವುದೇ ಬೇರೆ. ಅಲ್ಲಾಹನು ಜನಾಂಗ, ಗೋತ್ರಗಳನ್ನು ಮಾಡಿದ್ದು ನಾವು ಪರಸ್ಪರ ಅರಿಯಲಿಕ್ಕಾಗಿ. ಅವನ ಬಳಿ ಗೌರವ ತಖ್ವಾ ಇರುವವನಿಗೆ. ಅರಬನಿಗೆ ಅರಬೇತರನ ಮೇಲೆ ಹಿರಿಮೆಯಿಲ್ಲ ಎಂದು ಪ್ರವಾದಿ(ಸ)ರು ವಿದಾಯ ಹಜ್ಜ್‌ನಲ್ಲಿ ಸಾರಿದರು. ಒಬ್ಬರನ್ನು ತಾಯಿಯ ಮೂಲ ಹಿಡಿದು ಜರೆದ ಅಬೂದರ್(ರ)ರಿಗೆ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂದು ಎಚ್ಚರಿಸಿದರು.

ಹಾಗಾದರೆ ಎಲ್ಲ ಆಚಾರಗಳೂ ಸಮವೇ? ಅಲ್ಲ. ಜನರನ್ನು ತೂಗಬಾರದು, ಆಚಾರವನ್ನು ತೂಗಬೇಕು. ಹೆಣ್ಣುಮಗುವನ್ನು ಜೀವಂತ ಹೂಳುವುದು ಪ್ರವಾದಿ(ಸ)ರ ಸ್ವಂತ ಅರಬರ ರೂಢಿಯಾಗಿತ್ತು. ಇಸ್ಲಾಂ ಅದನ್ನು ಅಳಿಸಿತು. ಅದೇ ಅರಬರು ಮೋಸಹೋದ ಪರವೂರ ವ್ಯಾಪಾರಿಗೆ ನ್ಯಾಯ ಕೊಡಿಸಲು ಇಸ್ಲಾಮಿಗಿಂತ ಮೊದಲೇ 'ಹಿಲ್ಫುಲ್ ಫುಳೂಲ್' ಒಪ್ಪಂದ ಮಾಡಿಕೊಂಡಿದ್ದರು. ಅಂಥದ್ದಕ್ಕೆ ಈಗ ಕರೆದರೂ ಬರುವೆನೆಂದರು ಪ್ರವಾದಿ(ಸ)ರು. ಹಿಜರಿ 5ರಲ್ಲಿ ಶತ್ರುಸೈನ್ಯ ಮದೀನಾಕ್ಕೆ ಬಂದಾಗ, ಸಲ್ಮಾನುಲ್ ಫಾರಿಸೀ(ರ)ರು ಹೇಳಿದ ಪರ್ಷಿಯದ ಪದ್ಧತಿಯಂತೆ ಕಂದಕ ತೋಡಿದರು. ಒಳ್ಳೆಯದು ಯಾರಲ್ಲಿದ್ದರೂ ಸ್ವೀಕಾರಾರ್ಹ, ಕೆಟ್ಟದ್ದು ನಮ್ಮದಾದರೂ ತ್ಯಾಜ್ಯ.

ಈ ತಕ್ಕಡಿಯಲ್ಲಿ ಮೊದಲು ನಮ್ಮನ್ನೇ ಇಡೋಣ. ಹೆಣ್ಣಿಗೆ ಆಸ್ತಿಯಲ್ಲಿ ಪಾಲು ಕೊಟ್ಟ ಧರ್ಮ ನಮ್ಮದು ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಅದು ಸತ್ಯ, ಸೂರಃ ಅನ್ನಿಸಾಅ್‌ನಲ್ಲಿ ಪಾಲಿನ ಲೆಕ್ಕವೇ ಇದೆ. ಆದರೆ ತಂದೆ ತೀರಿಕೊಂಡ ಮೇಲೆ ಅಡಿಕೆ ತೋಟದ ಪಾಲಿಗೆ ಕೂತಾಗ ಏನಾಗುತ್ತದೆ? "ಮದುವೆಗೆ ಚಿನ್ನ ಕೊಟ್ಟಾಗಿದೆಯಲ್ಲ" ಎಂದು ತಂಗಿಯ ಕೈಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವವರು ನಮ್ಮಲ್ಲಿಲ್ಲವೇ? ಮಹ್ರ್ ಕೊಡಬೇಕಾದ ವರನೇ ವರದಕ್ಷಿಣೆ ಕೇಳುವುದಿಲ್ಲವೇ?

ನಮ್ಮ ನೆರೆಯ ಬಂಟರು, ಬಿಲ್ಲವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಯಜಮಾನಿಕೆ ಹೆಚ್ಚಾಗಿ ಗಂಡಸರದ್ದಾದರೂ ಕುಟುಂಬದ ಹಕ್ಕು ತಾಯಿಯ ಕಡೆಯಿಂದ ಬರುತ್ತಿತ್ತು. ಮಗಳು ತವರಿಗೆ ಹೊರಗಿನವಳಾಗುತ್ತಿರಲಿಲ್ಲ. ನಾವು ಆ ಕಟ್ಟನ್ನು ಅನುಸರಿಸಬೇಕೆಂದಲ್ಲ, ನಮಗೆ ಶರೀಅತ್ತಿನ ಲೆಕ್ಕವಿದೆ. ಆದರೆ ತಂಗಿಯ ಪಾಲನ್ನು ನುಂಗಿದವನು ಆ ನೆರೆಯವರ ಮುಂದೆ ತನ್ನ ಸಂಸ್ಕೃತಿ ಶ್ರೇಷ್ಠವೆಂದು ಹೇಗೆ ಹೇಳಿಯಾನು? ಧರ್ಮ ಪರಿಪೂರ್ಣವಾಗಿದೆ. ಅದನ್ನು ಪಾಲಿಸದ ನಮ್ಮ ರೂಢಿಗೆ ಆ ಹಿರಿಮೆ ತಾನಾಗಿ ಬರುವುದಿಲ್ಲ.

ಆದ್ದರಿಂದ ಯಾರ ಸಂಸ್ಕೃತಿ ದೊಡ್ಡದು ಎಂದು ಕೇಳುವ ಮಕ್ಕಳಿಗೆ, ನಮ್ಮ ಮನೆಯಲ್ಲಿ ಯಾರ ಹಕ್ಕು ಬಾಕಿಯಿದೆ ಎಂದು ಮೊದಲು ನೋಡಲು ಕಲಿಸೋಣ. ಪಾಲು ಕೊಡದೆ ಉಳಿದ ಮನೆಗಳಿದ್ದರೆ ಈ ತಿಂಗಳೇ ಕೂತು ಮಾತಾಡಿರಿ. ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.