ಹೂ ಕಟ್ಟುವ ನಾರಿನೊಳಗೆ

ಹೂವಾಡಗಿತ್ತಿಯ ಬುಟ್ಟಿಯ ಪಕ್ಕದಲ್ಲಿ ಒದ್ದೆ ಬಾಳೆನಾರಿನ ಕಂತೆಯೊಂದು ಇರುತ್ತದೆ. ಒಣನಾರಿಗೆ ಗಂಟು ಹಾಕಹೋದರೆ ಪಟ್ಟನೆ ಮುರಿಯುತ್ತದೆ. ನೀರು ಚಿಮುಕಿಸಿದರೆ ಹೇಳಿದ ಹಾಗೆ ಕೇಳುತ್ತದೆ. ಇದರ ಗುಟ್ಟು ನಾರಿನೊಳಗಿನ ಸಕ್ಕರೆಯಲ್ಲಿದೆ.

ಹೌದು, ಸಕ್ಕರೆಯೇ. ನಾರಿನ ಬಹುಪಾಲು ಸೆಲ್ಯುಲೋಸ್. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಗುರುತಿಸಿದ ವಸ್ತು. ಅದು ಗ್ಲೂಕೋಸ್ ಅಣುಗಳ ಉದ್ದನೆಯ ಸರ. ಅಕ್ಕಿಯ ಪಿಷ್ಟವೂ ಗ್ಲೂಕೋಸಿನ ಸರವೇ, ಪೋಣಿಸಿದ ರೀತಿ ಮಾತ್ರ ಬೇರೆ. ಅಷ್ಟಕ್ಕೇ ಅನ್ನ ನಮಗೆ ಅರಗುತ್ತದೆ, ನಾರು ಅರಗುವುದಿಲ್ಲ. ಸೆಲ್ಯುಲೋಸಿನ ಸುತ್ತ ಬೇರೆಬೇರೆ ಸಕ್ಕರೆಗಳ ಗಿಡ್ಡ, ಕವಲು ಸರಗಳಿರುತ್ತವೆ, ಅದು ಹೆಮಿಸೆಲ್ಯುಲೋಸ್. ಎರಡನ್ನೂ ಬಿಗಿಯುವ ಅಂಟು ಲಿಗ್ನಿನ್, ಅದು ಸಕ್ಕರೆಯಲ್ಲ. ನೀರು ಹೆಮಿಸೆಲ್ಯುಲೋಸಿಗೂ ಸೆಲ್ಯುಲೋಸಿನ ಸಡಿಲ ಜಾಗಗಳಿಗೂ ನುಗ್ಗಿ ಎಳೆಗಳ ಹಿಡಿತ ಸಡಿಲಿಸುತ್ತದೆ. ಒತ್ತಾಗಿ ಜೋಡಿಸಿಕೊಂಡ ಭಾಗದೊಳಗೆ ನೀರಿಗೆ ಪ್ರವೇಶವಿಲ್ಲ. ಹಾಗಾಗಿ ನಾರು ಮೆತ್ತಗಾಗುತ್ತದೆ, ಕರಗುವುದಿಲ್ಲ.

ಯಾವುದು ಎಷ್ಟಿದೆ ಎಂದು ತಿಳಿಯುವ ಹಳೆಯ ವಿಧಾನ ಕಳೆಯುತ್ತಾ, ತೂಗುತ್ತಾ ಹೋಗುವುದು. ನಾರನ್ನು ಒಣಗಿಸಿ ತೂಗಿ, ದ್ರಾವಕದಲ್ಲಿ ಮೇಣ ತೆಗೆಯುತ್ತಾರೆ. ಆಮ್ಲ ಬೆರೆಸಿದ ಸೋಡಿಯಂ ಕ್ಲೋರೈಟಿನಲ್ಲಿ ಬಿಸಿ ಮಾಡಿದರೆ ಲಿಗ್ನಿನ್ ಬಿಟ್ಟುಕೊಂಡು, ಕಂದು ನಾರು ಕಣ್ಣೆದುರೇ ಬೆಳ್ಳಗಾಗುತ್ತದೆ. ಆಮೇಲೆ ಶೇ. 17.5ರ ಕಾಸ್ಟಿಕ್ ಸೋಡಾ ಹೆಮಿಸೆಲ್ಯುಲೋಸನ್ನು ಕರಗಿಸುತ್ತದೆ. ಉಳಿದದ್ದು ಸೆಲ್ಯುಲೋಸ್ ಎನ್ನುತ್ತಾರೆ; ನಿಜ ಹೇಳಬೇಕೆಂದರೆ ಅದು ಪೂರ್ತಿ ಶುದ್ಧವಲ್ಲ.

ಇದಕ್ಕಿಂತ ನಂಬಲರ್ಹವಾದದ್ದು ಆಮ್ಲದ ದಾರಿ. ಶೇ. 72ರ ಗಂಧಕಾಮ್ಲದಲ್ಲಿ ನೆನೆಸಿ, ನೀರು ಬೆರೆಸಿ ತೆಳುವಾಗಿಸಿ, ಕುಕ್ಕರಿನಂಥ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಬೇಯಿಸಿದರೆ ಸರಗಳೆಲ್ಲ ಬಿಡಿ ಸಕ್ಕರೆಗಳಾಗುತ್ತವೆ. ಕ್ರೊಮಟೊಗ್ರಫಿ ಯಂತ್ರ ಅವನ್ನು ಒಂದೊಂದಾಗಿ ಅಳೆಯುತ್ತದೆ. ಇಲ್ಲೊಂದು ತಮಾಷೆಯಿದೆ. ಕೊಂಡಿ ಕಳಚುವಾಗ ಪ್ರತಿ ಗ್ಲೂಕೋಸೂ ಒಂದು ನೀರಿನ ಅಣುವನ್ನು ಸೇರಿಸಿಕೊಂಡು, ಸರದಲ್ಲಿ 162 ಇದ್ದ ಅಣುತೂಕ 180 ಆಗುತ್ತದೆ. ಆದ್ದರಿಂದ ಸಿಕ್ಕ ಗ್ಲೂಕೋಸನ್ನು 0.9ರಿಂದ ಗುಣಿಸಬೇಕು. ಮರೆತರೆ 100 ಗ್ರಾಂ ಹತ್ತಿಯಲ್ಲಿ 105 ಗ್ರಾಂ ಸೆಲ್ಯುಲೋಸ್ ಇದೆಯೆಂದು ವರದಿ ಬರೆಯಬೇಕಾದೀತು!

ಹತ್ತಿಯಲ್ಲಿ ಸೆಲ್ಯುಲೋಸ್ ಶೇ. 90ಕ್ಕೂ ಹೆಚ್ಚು, ಬಾಳೆನಾರಿನಲ್ಲಿ ಸುಮಾರು 60. ತೆಂಗಿನ ನಾರಿನಲ್ಲಿ ಸೆಲ್ಯುಲೋಸಿನಷ್ಟೇ ಲಿಗ್ನಿನ್ನೂ ಇದೆ, ಹೆಚ್ಚುಕಡಿಮೆ ಶೇ. 40. ನೆನೆಸಿದರೂ ಅದು ಬಾಳೆನಾರಿನಂತೆ ಬಳುಕುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಬಾವಿಯ ಹಗ್ಗಕ್ಕೆ ಅದನ್ನೇ ಹೊಸೆದದ್ದು ಅದಕ್ಕೇ.