ಹಳೆಯ ಕಂಪ್ಯೂಟರಿಗೆ ಹೊಸ ಚೈತನ್ಯ

ಕಚೇರಿಗಳಲ್ಲಿ ಎಂಟು ಹತ್ತು ವರ್ಷ ದುಡಿದ ಕಂಪ್ಯೂಟರುಗಳು ಕಡಿಮೆ ಬೆಲೆಗೆ ಬಿಕರಿಯಾಗಿ ವಿದ್ಯಾರ್ಥಿಗಳ ಮನೆಗೆ ಬಂದು ಸೇರುವುದುಂಟು. ಗುಂಡಿಯನ್ನೊತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. “ಇದಕ್ಕೆ ವಯಸ್ಸಾಯಿತು, ಗುಜರಿಗೆ ಹಾಕಿ” ಎನ್ನುವವರು ಕೆಲವರು. “ಇನ್ನೂ ವೇಗದ ಪ್ರೊಸೆಸರ್ ಹಾಕಿಸಿ” ಎನ್ನುವವರು ಕೆಲವರು. ಕೈಯಲ್ಲಿರುವ ಅಲ್ಪ ಹಣವನ್ನು ಹೀಗೆ ಯಾರದೋ ಮಾತಿನಂತೆ ವ್ಯಯ ಮಾಡುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಯಂತ್ರ ಇಷ್ಟು ಹೊತ್ತು ಏನನ್ನು ಮಾಡುತ್ತ ಕಾಲ ಕಳೆಯುತ್ತಿದೆ?

ಉದಾಹರಣೆಗಾಗಿ, ಡೆಲ್ ಸಂಸ್ಥೆಯವರು 2012ರಲ್ಲಿ ಕಚೇರಿಗಳಿಗೆಂದು ಹೊರತಂದ ಆಪ್ಟಿಪ್ಲೆಕ್ಸ್ 7010 ಎಂಬ ಮಾದರಿಯನ್ನು ತೆಗೆದುಕೊಳ್ಳೋಣ. ಇಂಟೆಲ್ ಸಂಸ್ಥೆಯ ಕೋರ್ ಐ5-3470 ಎಂಬ ಪ್ರೊಸೆಸರ್ ಇಂತಹ ಅನೇಕ ಪೆಟ್ಟಿಗೆಗಳಲ್ಲಿ ಕಂಡುಬರುತ್ತದೆ. ಅದರಲ್ಲಿ ನಾಲ್ಕು ಕೋರುಗಳಿವೆ. ಅದರ ಗಡಿಯಾರ ಸೆಕೆಂಡಿಗೆ 320 ಕೋಟಿ ಬಾರಿ ಮಿಡಿಯುತ್ತದೆ. ಪತ್ರ ಬರೆಯುವುದಕ್ಕೆ, ಪಾಠದ ಚಲಚ್ಚಿತ್ರ ನೋಡುವುದಕ್ಕೆ, ಪ್ರೋಗ್ರಾಮಿಂಗ್ ಕಲಿಯುವುದಕ್ಕೆ ಈ ಶಕ್ತಿ ಇಂದಿಗೂ ಸಾಲದೆ ಹೋಗುವುದಿಲ್ಲ. ಹಾಗಾದರೆ ಇಷ್ಟು ಚುರುಕಾದ ಯಂತ್ರ ತೆವಳುವುದೇಕೆ?

ಕಾಯುವ ಶಾನುಭೋಗ

ಹಿಂದಿನ ಕಾಲದ ಶಾನುಭೋಗರೊಬ್ಬರನ್ನು ಕಲ್ಪಿಸಿಕೊಳ್ಳಿ. ಲೆಕ್ಕದಲ್ಲಿ ಅವರು ಮಹಾ ನಿಪುಣರು. ಎದುರಿಗಿರುವ ಬರೆಯುವ ಪೆಟ್ಟಿಗೆಯ ಮೇಲೆ ನಾಲ್ಕಾರು ಕಾಗದಗಳಿಗೆ ಮಾತ್ರ ಸ್ಥಳ. ಉಳಿದ ದಫ್ತರವೆಲ್ಲ ದೂರದ ಕೋಣೆಯಲ್ಲಿ. ತಂದುಕೊಡುವ ಆಳು ಬಹಳ ನಿಧಾನಿ. ಶಾನುಭೋಗರೇ ಪ್ರೊಸೆಸರ್, ಎದುರಿನ ಪೆಟ್ಟಿಗೆಯೇ ರ್ಯಾಮ್ ಎಂಬ ತಾತ್ಕಾಲಿಕ ಸ್ಮೃತಿ, ದೂರದ ಕೋಣೆಯೇ ಹಾರ್ಡ್ ಡಿಸ್ಕ್.

ಈ ದೂರ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರೊಸೆಸರಿನ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸೋಣ. ಆಗ ರ್ಯಾಮ್‌ನಿಂದ ಮಾಹಿತಿ ಬರಲು ಮೂರು ನಾಲ್ಕು ನಿಮಿಷ ಬೇಕು. ಹಾರ್ಡ್ ಡಿಸ್ಕಿನಿಂದ ಬರಬೇಕಾದರೆ ಸುಮಾರು 444 ದಿನ! ಅಷ್ಟೂ ದಿನ ಆ ಕೆಲಸ ನಿಂತಲ್ಲೇ ನಿಂತಿರಬೇಕು.

ಇದಕ್ಕೆ ಕಾರಣ ಡಿಸ್ಕಿನ ರಚನೆಯಲ್ಲಿಯೇ ಇದೆ. ಅದರೊಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ; ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಸರಿಯಾದ ವೃತ್ತಕ್ಕೆ ಸರಿಯಬೇಕು. ಎಲ್ಲ ಕೂಡಿ ಸುಮಾರು 12 ಮಿಲಿಸೆಕೆಂಡು. ಐ.ಬಿ.ಎಂ. ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅದು 50 ಲಕ್ಷ ಅಕ್ಷರಗಳನ್ನು ಹಿಡಿಸುತ್ತಿತ್ತು. ಒಂದು ಮಾಹಿತಿಯನ್ನು ಹುಡುಕಲು ಸುಮಾರು 600 ಮಿಲಿಸೆಕೆಂಡು ಬೇಕಾಗುತ್ತಿತ್ತು. ನಮ್ಮ 500 ಗಿಗಾಬೈಟಿನ ಡಿಸ್ಕು ಅದಕ್ಕಿಂತ ಲಕ್ಷಪಟ್ಟು ದೊಡ್ಡದು. ಆದರೆ ಹುಡುಕುವ ವೇಗ ಹೆಚ್ಚಿರುವುದು ಐವತ್ತು ಪಟ್ಟು ಮಾತ್ರ. ತೂಕವುಳ್ಳ ವಸ್ತುವನ್ನು ಸರಿಸಿ ನಿಲ್ಲಿಸುವ ಕೆಲಸಕ್ಕೆ ಪ್ರಕೃತಿಯೇ ಮಿತಿ ಹಾಕಿದೆ.

ಎಸ್‌ಎಸ್‌ಡಿ ಎಂದು ಕರೆಯುವ ಹೊಸ ಬಗೆಯ ಸಂಗ್ರಾಹಕದಲ್ಲಿ ಚಲಿಸುವ ಭಾಗವೇ ಇಲ್ಲ. ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಅವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯೇ ಇದರ ಮೂಲ. ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಬಂಧಿಸಿಟ್ಟು ಮಾಹಿತಿಯನ್ನು ಉಳಿಸುವ ಈ ವಿಧಾನದಲ್ಲಿ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಉತ್ತರ ದೊರೆಯುತ್ತದೆ. ಶಾನುಭೋಗರ ಲೆಕ್ಕದಲ್ಲಿ 444 ದಿನದ ಕಾಯುವಿಕೆ ನಾಲ್ಕು ದಿನಕ್ಕೂ ಕಡಿಮೆಯಾಯಿತು.

ಮೊದಲು ಯಾವುದು?

ಯಂತ್ರ ಸಿದ್ಧವಾಗಲು 60 ಸೆಕೆಂಡು ಹಿಡಿಯುತ್ತದೆಂದೂ, ಆ ಅವಧಿಯಲ್ಲಿ ಡಿಸ್ಕಿನಿಂದ 4,000 ಬಿಡಿ ತುಣುಕುಗಳನ್ನು ಒಂದಾದ ಮೇಲೊಂದರಂತೆ ಓದಬೇಕೆಂದೂ ಇಟ್ಟುಕೊಳ್ಳೋಣ. ತಲಾ 12 ಮಿಲಿಸೆಕೆಂಡಿನಂತೆ 48 ಸೆಕೆಂಡು ಡಿಸ್ಕಿಗೇ ಸಂದಿತು; ಪ್ರೊಸೆಸರಿನ ದುಡಿಮೆ 12 ಸೆಕೆಂಡು ಮಾತ್ರ. ಇಮ್ಮಡಿ ವೇಗದ ಪ್ರೊಸೆಸರನ್ನು ತಂದರೆ 12 ಸೆಕೆಂಡು 6 ಆಗುತ್ತದೆ; ಒಟ್ಟು 54. ಅದರ ಬದಲು ಎಸ್‌ಎಸ್‌ಡಿಯನ್ನು ಜೋಡಿಸಿದರೆ 48 ಸೆಕೆಂಡು 0.4ಕ್ಕೆ ಇಳಿದು, ಒಟ್ಟು 12.4 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ, ಒಟ್ಟು ಲಾಭ ಆ ಭಾಗ ತೆಗೆದುಕೊಳ್ಳುತ್ತಿದ್ದ ಕಾಲವನ್ನು ಮೀರಲಾರದು. 1967ರಲ್ಲಿ ಅಮೆರಿಕದ ಜೀನ್ ಅಮ್ಡಾಲ್ ಅವರು ಮಂಡಿಸಿದ ವಾದದ ತಿರುಳು ಇದೇ.

ನಿಮ್ಮ ಯಂತ್ರದಲ್ಲಿ ತೊಡಕಿರುವುದೆಲ್ಲಿ ಎಂಬುದನ್ನು ನೀವೇ ಪರೀಕ್ಷಿಸಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದ್ದು ಪ್ರೊಸೆಸರ್ ನೂರಕ್ಕೆ ಹತ್ತರಷ್ಟೇ ದುಡಿಯುತ್ತಿದ್ದರೆ ದೋಷ ಪ್ರೊಸೆಸರಿನದಲ್ಲ. ಸ್ಮೃತಿ ತುಂಬಿ ತುಳುಕುತ್ತಿದ್ದರೆ ರ್ಯಾಮ್ ಸಾಲದೆಂದು ತಿಳಿಯಬೇಕು; ಹಾಗೆ ತುಂಬಿದಾಗ ಯಂತ್ರ ಕೆಲವು ಕಡತಗಳನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರಿಸಿಕೊಳ್ಳತೊಡಗುವುದರಿಂದ ನಿಧಾನಕ್ಕೆ ನಿಧಾನ ಸೇರುತ್ತದೆ. 4 ಗಿಗಾಬೈಟ್ ಇರುವಲ್ಲಿ 8 ಅಥವಾ 16 ಮಾಡುವುದು ಯೋಗ್ಯ.

ಆದರೆ ಯಾವ ರ್ಯಾಮ್ ಪಟ್ಟಿಯಾದರೂ ಸಲ್ಲುವುದಿಲ್ಲ. ನಮ್ಮ ಮಾದರಿಗೆ ಬೇಕಾದುದು 240 ಸಂಪರ್ಕಗಳುಳ್ಳ ಡಿಡಿಆರ್3. ಹೊಸ ಡಿಡಿಆರ್4 ಪಟ್ಟಿಗೆ 288 ಸಂಪರ್ಕಗಳು. ಅದರ ಕಚ್ಚು ಬೇರೆ ಕಡೆ ಇರುವುದರಿಂದ ಅದು ಕೂರುವುದೇ ಇಲ್ಲ. ಬಲವಂತಪಡಿಸಿದರೆ ಮದರ್‌ಬೋರ್ಡ್ ಹಾಳಾದೀತು. ಸರ್ವರ್ ಯಂತ್ರಗಳಿಂದ ಕಳಚಿದ ‘ರಿಜಿಸ್ಟರ್ಡ್’ ಪಟ್ಟಿಗಳು ಅಗ್ಗವಾಗಿ ದೊರೆತರೂ ಇಲ್ಲಿ ನಡೆಯವು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗೆ ಹೋಗುವವರು ಹಳೆಯ ಪಟ್ಟಿಯನ್ನು ಅಥವಾ ಅದರ ಚೀಟಿಯ ಚಿತ್ರವನ್ನು ಜೊತೆಗೆ ಕೊಂಡೊಯ್ಯುವುದು ಒಳ್ಳೆಯದು. ಎಸ್‌ಎಸ್‌ಡಿಯನ್ನು ಕೊಳ್ಳುವಾಗಲೂ ಎರಡೂವರೆ ಅಂಗುಲದ ‘ಸಾಟಾ’ ಬಗೆಯದನ್ನೇ ಕೇಳಿ, ಎಂ.2 ಪಟ್ಟಿಯನ್ನು ಸಿಕ್ಕಿಸಲು ಈ ಯಂತ್ರದಲ್ಲಿ ಸ್ಥಳವಿಲ್ಲ.

ಆಟಗಳಿಗಾಗಿ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಹಲವರಿಗಿದೆ. ಇಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಮ್ಮ ಮಾದರಿಯ ದೊಡ್ಡ ಪೆಟ್ಟಿಗೆಯಲ್ಲಿರುವ ವಿದ್ಯುತ್ ಪೂರೈಕೆಯ ಘಟಕ 275 ವ್ಯಾಟಿನದು. ಕಾರ್ಡನ್ನು ಸಿಕ್ಕಿಸುವ ಸ್ಥಾನದಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಪ್ರತ್ಯೇಕ ತಂತಿಯಿಂದ ವಿದ್ಯುತ್ತನ್ನು ಬೇಡುವ ಕಾರ್ಡುಗಳ ಗೊಡವೆಗೆ ಹೋಗದಿರುವುದೇ ಹೊಸಬರಿಗೆ ಕ್ಷೇಮ.

ಕೈಹಚ್ಚುವಾಗ

ಮೊಟ್ಟಮೊದಲ ಕೆಲಸ ಕಡತಗಳ ನಕಲು. ಯಂತ್ರದ ಭಾಗಗಳು ಮತ್ತೆ ದೊರೆತಾವು. ಮನೆಯವರ ಚಿತ್ರಗಳೂ ವರ್ಷವೆಲ್ಲ ಬರೆದ ಟಿಪ್ಪಣಿಗಳೂ ಮತ್ತೆ ದೊರೆಯವು. ನಕಲು ಸರಿಯಾಗಿ ತೆರೆಯುತ್ತದೆಂದು ನೋಡಿದ ಮೇಲೆ ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಉಳಿದ ವಿದ್ಯುತ್ತನ್ನು ಹರಿಯಗೊಡಬೇಕು. ಬಳಿಕ ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಬೇಕು. ನಮ್ಮ ಮೈಯಲ್ಲಿ ಸಂಗ್ರಹವಾಗುವ ಸ್ಥಿರವಿದ್ಯುತ್ತು ನಮಗೆ ತಿಳಿಯದಷ್ಟು ಅಲ್ಪವಾಗಿದ್ದರೂ ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲುದು. ವಿದ್ಯುತ್ ಪೂರೈಕೆಯ ಘಟಕವನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುದಂಶ ಉಳಿದಿರಬಹುದು.

ಯಾವ ತಂತಿ ಎಲ್ಲಿತ್ತೆಂಬುದರ ಚಿತ್ರ ತೆಗೆದುಕೊಂಡು, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಿ, ಯಂತ್ರ ನಡೆಯುತ್ತದೆಂದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ, ಯಂತ್ರ ಮೊಂಡುಹಿಡಿದಾಗ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ.

ಇಷ್ಟಾದರೂ ಒಂದು ಮಿತಿಯನ್ನು ಮರೆಮಾಚುವಂತಿಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಸ್ಥೂಲವಾಗಿ ಇಂಟೆಲಿನ 8ನೆಯ ಪೀಳಿಗೆಯನ್ನೂ ಅದರ ಮುಂದಿನವನ್ನೂ ಮಾತ್ರ ಅಂಗೀಕರಿಸುತ್ತದೆ. ನಮ್ಮದು 3ನೆಯ ಪೀಳಿಗೆ. ಭದ್ರತೆಯ ತಿದ್ದುಪಡಿಗಳಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ವಿವೇಕವಲ್ಲ. ಲಿನಕ್ಸ್ ಮಿಂಟ್‌ನಂತಹ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ, ಇಂತಹ ಯಂತ್ರಗಳಲ್ಲಿ ಹಗುರವಾಗಿ ನಡೆಯುತ್ತವೆ, ಕನ್ನಡವನ್ನೂ ಬಲ್ಲವು. ಹೊಸ ಎಸ್‌ಎಸ್‌ಡಿಯನ್ನು ಜೋಡಿಸುವ ದಿನವೇ ಅವುಗಳಲ್ಲೊಂದನ್ನು ಸ್ಥಾಪಿಸಿ ನೋಡಬಹುದು. ಹಳೆಯ ಡಿಸ್ಕನ್ನು ಕೆಲವು ವಾರ ಹಾಗೆಯೇ ಜೋಪಾನವಾಗಿ ತೆಗೆದಿಡಿ. ಮರೆತುಹೋದ ಕಡತವೊಂದು ಅದರಲ್ಲಿ ಸಿಕ್ಕೀತು.