ಅಂಗಳದ ತುತ್ತೂರಿ ಹೂ: ಮದ್ದೆಷ್ಟು, ವಿಷವೆಷ್ಟು?

ಮಲೆನಾಡು, ಕೊಡಗುಗಳ ಎಷ್ಟೋ ಮನೆಗಳ ಅಂಗಳದಲ್ಲಿ ಆಳೆತ್ತರ ಮೀರಿ ಬೆಳೆದು, ಗೇಣುದ್ದದ ಬಿಳಿ ಇಲ್ಲವೆ ಕೇಸರಿ ಹೂಗಳನ್ನು ಕೆಳಮುಖವಾಗಿ ಇಳಿಬಿಡುವ ಗಿಡವೊಂದಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬ್ರುಗ್ಮಾನ್ಸಿಯ. ಬದನೆಯ ಕುಟುಂಬದ್ದು, ನಮ್ಮ ಗೊಬ್ಬರಗುಂಡಿಯ ಬಳಿ ಏಳುವ ಉಮ್ಮತ್ತಿಗೆ ತೀರ ಹತ್ತಿರದ ನೆಂಟ. ಉಮ್ಮತ್ತಿಯ ಹೂ ಮೇಲ್ಮುಖ, ಕಾಯಿ ಮುಳ್ಳುಮುಳ್ಳು. ಇದರ ಕಾಯಿ ನುಣುಪು. ವಿಷ ಮಾತ್ರ ಎರಡರಲ್ಲೂ ಒಂದೇ ಬಗೆಯದು: ಅಟ್ರೊಪಿನ್, ಸ್ಕೊಪೊಲಮಿನ್ ಮುಂತಾದ ಕ್ಷಾರಗಳು.

ಇದರ ತವರು ದಕ್ಷಿಣ ಅಮೆರಿಕ, ಮುಖ್ಯವಾಗಿ ಆಂಡಿಸ್ ಪರ್ವತಸೀಮೆ. ಕಾಡಿನಲ್ಲಿ ಇಂದು ಅದು ಉಳಿದಿಲ್ಲ. ಮನುಷ್ಯರು ಕಡ್ಡಿ ನೆಟ್ಟು ಉಳಿಸಿಕೊಂಡದ್ದಷ್ಟೇ. ಕೊಲಂಬಿಯಾದ ಸಿಬುಂದೊಯ್ ಕಣಿವೆಯ ನಾಟಿ ವೈದ್ಯರು ಹಲವು ತಳಿಗಳನ್ನು ಬೇರೆ ಬೇರೆ ಹೆಸರಿಟ್ಟು ಸಾಕಿದ್ದಾರೆ. ಅವುಗಳಲ್ಲೊಂದರ ಎಲೆ ಎಷ್ಟು ವಿಚಿತ್ರವಾಗಿತ್ತೆಂದರೆ, 1955ರಲ್ಲಿ ವಿಜ್ಞಾನಿ ಶುಲ್ಟಿಸ್ ಅದನ್ನು ಬೇರೆ ಕುಲವೆಂದೇ ವರ್ಣಿಸಿದ್ದರು. ಕೀಲುನೋವು, ಬಾವುಗಳಿಗೆ ಅಲ್ಲಿ ಎಲೆಯ ಪಟ್ಟು ಹಾಕುತ್ತಾರೆ.

ನಮ್ಮಲ್ಲೂ ಉಮ್ಮತ್ತಿ ಎಲೆಯನ್ನು ಬಿಸಿಮಾಡಿ ಮಂಡಿಗೆ ಕಟ್ಟುವುದುಂಟು. ದಮ್ಮಿಗೆ ಒಣಗಿದ ಉಮ್ಮತ್ತಿಯ ಹೊಗೆ ಸೇದುವ ಪದ್ಧತಿಯಂತೂ 1802ರ ಸುಮಾರಿಗೆ ಮದರಾಸಿನಿಂದ ಇಂಗ್ಲೆಂಡಿಗೇ ಹೋಯಿತು. ಅದು ಬರಿಯ ನಂಬಿಕೆಯಲ್ಲ. ಈ ಕ್ಷಾರಗಳು ಶ್ವಾಸನಾಳವನ್ನು ಸಡಿಲಿಸುತ್ತವೆ. ಇಂದು ವೈದ್ಯರು ಕೊಡುವ ಇಪ್ರಟ್ರೋಪಿಯಂ ಇನ್ಹೇಲರ್ ಅಟ್ರೊಪಿನ್ನಿನಿಂದಲೇ ರೂಪಿಸಿದ ಔಷಧ. ತೊಡಕಿರುವುದು ಪ್ರಮಾಣದಲ್ಲಿ. ಎಲೆಯಿಂದ ಎಲೆಗೆ, ಋತುವಿನಿಂದ ಋತುವಿಗೆ ವಿಷದ ಅಂಶ ಬದಲಾಗುತ್ತದೆ. ನಿನ್ನೆ ಗುಣ ಕಂಡ ಅಳತೆ ಇಂದು ಪ್ರಾಣ ತೆಗೆದೀತು. ಆದ್ದರಿಂದ ಕಷಾಯವಾಗಲಿ ಹೊಗೆಯಾಗಲಿ ಬೇಡವೆಂಬುದೇ ನಮ್ಮ ಸಲಹೆ. ಹುಣ್ಣು, ಗಾಯವಿರುವ ಚರ್ಮಕ್ಕೆ ಪಟ್ಟೂ ಬೇಡ. ಹುಚ್ಚುನಾಯಿ ಕಡಿತಕ್ಕೆ ಉಮ್ಮತ್ತಿ ಬೀಜ ಕೊಡುವುದಂತೂ ಎರಡು ಬಗೆಯಲ್ಲಿ ಅಪಾಯ. ಗಾಯವನ್ನು ಕೂಡಲೇ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಲಸಿಕೆಗೆ ಓಡಬೇಕು.

ವಿಷವೇರಿದರೆ ಬಾಯಿ ಒಣಗುತ್ತದೆ, ಮುಖ ಕೆಂಪೇರುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೂತ್ರ ಕಟ್ಟುತ್ತದೆ. ಆಮೇಲೆ ಏನೇನೋ ಬಡಬಡಿಕೆ. ಇದನ್ನು ದೆವ್ವದ ಕಾಟವೆಂದು ತಿಳಿದು ಹೊತ್ತು ಕಳೆಯದೆ, ಗಿಡದ ತುಂಡನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಮಾತು. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿದವರಿಗೆ ಆಸ್ಪತ್ರೆಯಲ್ಲಿ ಚುಚ್ಚುವುದು ಇದೇ ಅಟ್ರೊಪಿನ್. ಹಾಗೆಂದು ಸಿಂಪಡಣೆ ಮಾಡಿ ಬಿದ್ದವರಿಗೆ ಮನೆಯಲ್ಲಿ ಉಮ್ಮತ್ತಿ ರಸ ಕುಡಿಸುವ ಸಾಹಸ ಖಂಡಿತ ಕೂಡದು.

ಗಿಡ ಸವರುವ ಆಳಿಗೆ ಕೈಗವಸು ಕೊಡಿ. ರಸ ತಗಲಿದ ಕೈಯಿಂದ ಕಣ್ಣುಜ್ಜಿದರೆ ಆ ಕಣ್ಣಿನ ಪಾಪೆಯೊಂದೇ ಹಿಗ್ಗಿ ದೃಷ್ಟಿ ಮಂಜಾಗುತ್ತದೆ. ಸವರಿದ ಕಡ್ಡಿಗಳನ್ನು ದನ ಓಡಾಡುವಲ್ಲಿ ಎಸೆಯಬೇಡಿ. ಒದ್ದೆ ನೆಲದಲ್ಲಿ ಅವು ಸುಲಭವಾಗಿ ಬೇರು ಬಿಡುತ್ತವೆ.